ಹಸಿರು ಚೆಂಡಿನೊಳಗೆ ನನ್ನ ಹೆಬ್ಬೆರಳು

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮದುವೆ ಮನೆಗಳಿಗೆ ಬೇಕಾದ ಬಳೆಗಳ ಪಟ್ಟಿ ಬಿಟ್ಟರೆ ಬೇರೇನೂ ಬರೆದವಳಲ್ಲ. ಆದರೆ ಈ ಒಂದು ದಿನದ ಸಂಗತಿಯನ್ನು ಅಂಗಡಿಗೆ ಬಂದ ಹೆಂಗಸರಿಗೆಲ್ಲ ಹೇಳಿ ಹೇಳಿ ಗಂಟಲು ಬಿದ್ದುಹೋಗಿದೆ, ಹೇಳುವ ಆಸೆ ಮಾತ್ರ ತೀರಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಬರೆಯುವಾಗಲೂ ಬಲಗೈ ಹೆಬ್ಬೆರಳ ಗೆಣ್ಣು ಸ್ವಲ್ಪ ಹಿಡಿಯುತ್ತದೆ. ಹಿಡಿಯಲಿ. ಅದು ಹಿಡಿದಾಗಲೆಲ್ಲ ನನಗೆ ಖುಷಿಯೇ ಆಗುತ್ತದೆ.

ನನ್ನ ಮೊಮ್ಮಗಳು ಸೊಲ್ಲಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಾಳೆ. ಅಲ್ಲಿ ಒಂದು ಮಾಲಿನ ಮೇಲಿನ ಮಹಡಿಯಲ್ಲಿ ಬೌಲಿಂಗ್ ಎಂಬ ಆಟ ಇದೆ. ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ಕನ್ನಡಿಯ ಹಾಗೆ ಹೊಳೆಯುವ ಉದ್ದನೆಯ ಹಲಗೆಯ ದಾರಿ, ಆ ತುದಿಗೆ ಹತ್ತು ಬಿಳಿ ಗೂಟ ನಿಲ್ಲಿಸಿರುತ್ತಾರೆ. ಮೂರು ತೂತಿರುವ ಭಾರವಾದ ಚೆಂಡಿಗೆ ಎರಡು ಬೆರಳು, ಒಂದು ಹೆಬ್ಬೆರಳು ತೂರಿಸಿ, ಓಡಿಬಂದು ಉರುಳಿಸಿ ಗೂಟ ಕೆಡವಬೇಕು. ಇಷ್ಟೇ ಆಟ. ಮೊದಲ ಸಲ ಫೋನಿನಲ್ಲಿ ತೋರಿಸಿದಾಗ, "ಇದಕ್ಕ ಸೊಲ್ಲಾಪುರದ ತನಕ ಹೋಗಬೇಕೇನ, ನಮ್ಮ ಓಣ್ಯಾಗ ಕಲ್ಲ ಒಗದ್ರೂ ಬೀಳ್ತಾವಲ್ಲ" ಎಂದಿದ್ದೆ. ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಆಮೇಲೆ ಗೊತ್ತಾಯಿತು, ಅವಳು ಚೆನ್ನಾಗಿಯೇ ಆಡುತ್ತಾಳೆ ಎಂದು. ಆಟ ಕಲಿಸುವ ಅವಳ ಸರ್ ತಂಡದ ಆಯ್ಕೆ ಪಂದ್ಯಕ್ಕೆ ಅವಳ ಹೆಸರು ಕೊಟ್ಟಿದ್ದರು. ಆದರೆ ಮಾಲಿನ ಚೆಂಡುಗಳು ಎಲ್ಲರ ಕೈಗೂ ಆಗುವ ಹಾಗೆ ಮಾಡಿದವು, ಅಂದರೆ ಯಾರ ಕೈಗೂ ಸರಿಯಾಗಿ ಆಗದವು.

"ಗುಡಿ ಮುಂದ ಬಿಟ್ಟ ಯಾರ್ದೋ ಚಪ್ಪಲ್ ಹಾಕ್ಕೊಂಡು ಓಡಿದಂಗ ಆಕ್ಕೈತಿ ಆಯಿ. ನನ್ನ ಕೈಗೇ ತೂತ ಕೊರದಿದ್ದು ಒಂದ ಬೇಕು" ಎಂದಳು.

ಕೈಯ ಅಳತೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾದವು. ಇಂಡಿ ಊರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದು ಬಳೆ ಅಂಗಡಿ. ನಮ್ಮವರು ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸಂತೆಗಳಿಗೆ ಪೆಟ್ಟಿಗೆ ಹೊತ್ತು ಹೋದರೆ ಅಂಗಡಿಯಲ್ಲಿ ಕೂರುವವಳು ನಾನು. ನಲವತ್ತು ವರ್ಷದಿಂದ ಹೆಂಗಸರ ಕೈ ಹಿಡಿದಿದ್ದೇನೆ. ಹಿಡಿದ ತಕ್ಷಣ ಎರಡು-ನಾಲ್ಕೋ, ಎರಡು-ಆರೋ, ಬಳೆಯ ಅಳತೆ ನನ್ನ ಬಾಯಿಂದ ತಾನಾಗಿ ಬರುತ್ತದೆ. "ಚೆಂಡು ನಾನ ಕೊಡಸ್ತೇನಿ, ಅಳತಿನೂ ನಾನ ತಗೀತೇನಿ" ಎಂದೆ.

ಅವಳು ರಜೆಗೆ ಊರಿಗೆ ಬಂದಾಗ ಮೊದಲು ತೂಕ ಆರಿಸಬೇಕಿತ್ತು. ಅವಳ ಜೊತೆ ಆಡುವ ಹುಡುಗರೆಲ್ಲ ಹದಿನಾಲ್ಕು ಪೌಂಡಿನ ಚೆಂಡು ಹಿಡಿಯುತ್ತಾರಂತೆ, ಇವಳಿಗೂ ಅದೇ ಬೇಕಂತೆ. ನಾನು ಓಣಿಯ ನಿಂಬೆಹಣ್ಣಿನ ವ್ಯಾಪಾರಿಯಿಂದ ತೂಕ ಮಾಡಿಸಿ ಮೂರು ಕೈಚೀಲ ತುಂಬಿಸಿ ತಂದೆ. ಒಂದು ಐದು ಕಿಲೋಗೆ ಸ್ವಲ್ಪ ಕಡಿಮೆ, ಒಂದು ಐದೂವರೆ, ಒಂದು ಆರೂವರೆಯ ಹತ್ತಿರ. ಹನ್ನೆರಡು ಪೌಂಡು ಅಂದರೆ ಆ ನಡುವಿನದು, ಹದಿನಾಲ್ಕು ಅಂದರೆ ದೊಡ್ಡದು. ಮಾಳಿಗೆಯ ಮೇಲೆ ನಿಲ್ಲಿಸಿ, ಒಂದೊಂದು ಚೀಲವನ್ನೂ ಇಪ್ಪತ್ತು ಸಲ ಹಿಂದೆ ಮುಂದೆ ಬೀಸಲು ಹೇಳಿದೆ. ಕೈಯನ್ನು ನೋಡಲಿಲ್ಲ, ಭುಜ ನೋಡುತ್ತ ಕೂತೆ. ದೊಡ್ಡ ಚೀಲ ಹದಿನೈದನೇ ಸಲಕ್ಕೆ ಭುಜವನ್ನು ಕೆಳಗೆ ಜಗ್ಗಿ, ಅವಳ ಮೊಣಕಾಲಿಗೇ ಬಡಿದು, ನಿಂಬೆಹಣ್ಣು ಮಾಳಿಗೆ ತುಂಬ ಉರುಳಿದವು. ಐದೂವರೆಯ ಚೀಲ ಇಪ್ಪತ್ತನೇ ಸಲವೂ ಮೊದಲನೇ ಸಲದ ಹಾಗೇ ಹೋಗಿ ಬಂತು.

"ಹನ್ನೆರಡು" ಎಂದೆ.

"ಹುಡುಗೂರು ನಗ್ತಾರ."

"ಅವ್ರ ಮೊಣಕಾಲಿಗೆ ಬಡದಾಗ ನೀನೂ ನಗು."

ಚೆಂಡು ಕೊರೆಯುವವನು ಪುಣೆಯಲ್ಲಿದ್ದ. ಅವನು ಫೋನಿನಲ್ಲಿ ಕೇಳಿದ್ದು ಬರೀ ಅಳತೆಯಲ್ಲ, ಅವಳು ಹೇಗೆ ಆಡುತ್ತಾಳೆ ಎಂಬುದನ್ನೂ ಕೇಳಿದ. ಇದು ನನಗೆ ಬಹಳ ಹಿಡಿಸಿತು. ನೆಲವನ್ನು ಕಚ್ಚಿ ಹೋಗುವ ಚೆಂಡು ಬೇರೆ, ಜಾರಿ ನೆಟ್ಟಗೆ ಹೋಗುವ ಚೆಂಡು ಬೇರೆ. ಮೇಲಾಗಿ, ನೋಡಲು ಒಂದೇ ಉಂಡೆಯಂತಿದ್ದರೂ ಅದರ ಹೊಟ್ಟೆಯೊಳಗೆ ಒಂದು ಭಾರದ ಗಟ್ಟಿ ಇರುತ್ತದೆ. ಆ ಗಟ್ಟಿಯ ತಲೆ ಯಾವ ಕಡೆಗಿದೆ ಎಂದು ತಿಳಿಯಲು ಹೊರಗೆ ಒಂದು ಚುಕ್ಕಿ ಇಟ್ಟಿರುತ್ತಾರೆ. ಬೆರಳಿನ ತೂತುಗಳು ಆ ಚುಕ್ಕಿಯಿಂದ ಯಾವ ಕಡೆ, ಎಷ್ಟು ದೂರ ಎನ್ನುವುದರ ಮೇಲೆ ಚೆಂಡು ಎಲ್ಲಿ ತಿರುಗುತ್ತದೆ ಎಂಬುದು ನಿಂತಿದೆ. ಮೊಮ್ಮಗಳು ಇದನ್ನು ನಿಂಬೆಹಣ್ಣಿಗೆ ಒಂದು ಲವಂಗ ಚುಚ್ಚಿ ತೋರಿಸಿಕೊಟ್ಟಳು. ಲವಂಗ ಚುಕ್ಕಿ, ಪೆನ್ನಿನಿಂದ ಮಾಡಿದ ಗುರುತು ತೂತು. ಚುಕ್ಕಿ ಬೆರಳುಗಳ ಕೆಳಗೆ ಬಂದರೆ ಚೆಂಡು ಬೇಗ ತಿರುಗಲು ಶುರು ಮಾಡುತ್ತದೆ, ಮೇಲೆ ಬಂದರೆ ದೂರದ ತನಕ ನೆಟ್ಟಗೆ ಹೋಗಿ ತುದಿಯಲ್ಲಿ ತಿರುಗುತ್ತದೆ.

ನಾನು ಅವಳ ಆಟದ ವಿಡಿಯೋ ಹತ್ತು ಸಲ ನೋಡಿದೆ. ಅವಳು ಚೆಂಡನ್ನು ನಿಧಾನ ಬಿಡುತ್ತಾಳೆ, ಬಿಡುವಾಗ ಬೆರಳಿನಿಂದ ಜಾಸ್ತಿ ತಿರುವುತ್ತಾಳೆ. ಹಾಗಾಗಿ ಚೆಂಡು ಅರ್ಧ ದಾರಿಗೇ ಮುಖ ತಿರುಗಿಸಿ ಗೂಟಗಳ ಆ ಬದಿಗೆ ಹೋಗಿ ಬೀಳುತ್ತಿತ್ತು.

"ನಿಂದು ಮೊದಲ ತಿರಗೂ ಕೈ. ಚೆಂಡಿಗೂ ತಿರಗೂ ಬುದ್ಧಿ ಕೊಟ್ರ ಎರಡೂ ಕೂಡಿ ಕೆಡಸ್ತಾವು. ಚುಕ್ಕಿ ಮ್ಯಾಲ ಇಡಸು. ಚೆಂಡಿನ ಮೈಯೂ ನೆಲಾ ಭಾಳ ಕಚ್ಚೂದು ಬ್ಯಾಡ" ಎಂದೆ.

ಪುಣೆಯವನೂ ಅದನ್ನೇ ಹೇಳಿದನಂತೆ. ಅವತ್ತು ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಅದೇ ಜಂಬದಲ್ಲಿ ಹೆಬ್ಬೆರಳ ಅಳತೆ ತೆಗೆಯಲು ಕೂತೆ.

ಬಳೆಗಾರರು ಅಳತೆ ತೆಗೆಯುವ ರೀತಿ ಬೇರೆ. ಕೈಯನ್ನು ಒತ್ತಿ ಹಿಚುಕಿ, ಎಲುಬು ಮೆತ್ತಗೆ ಮಾಡಿಕೊಂಡು, ಆ ಹಿಚುಕಿದ ಕೈಯ ಅಳತೆ ಹಿಡಿಯುತ್ತೇವೆ. ಕೈ ಒಪ್ಪುವ ಬಳೆಗಳಲ್ಲಿ ಎಲ್ಲಕ್ಕಿಂತ ಸಣ್ಣದು ಯಾವುದೋ ಅದನ್ನೇ ಇಡಿಸುತ್ತೇವೆ, ಬಳೆ ತೊಡಿಸುವುದಕ್ಕೆ ನಾವು ಹಾಗೇ ಅನ್ನುವುದು. ಮುಂಗೈಗೆ ಕಚ್ಚಿ ಕೂರಬೇಕು, ಮೊಣಕೈವರೆಗೆ ಜಾರಬಾರದು. ನಾನು ಮೊಮ್ಮಗಳ ಹೆಬ್ಬೆರಳನ್ನೂ ಹಾಗೇ ಹಿಚುಕಿ, ದಾರ ಬಿಗಿಯಾಗಿ ಸುತ್ತಿ ಅಳತೆ ಕೊಟ್ಟೆ. ಪುಣೆಯವನು ಫೋನ್ ಮಾಡಿ, ಇದು ಬಹಳ ಸಣ್ಣದಾಯಿತು, ಇನ್ನೊಮ್ಮೆ ತೆಗೆಯಿರಿ ಎಂದ. ನಾನು ಮೊಮ್ಮಗಳ ಕೈಯಿಂದ ಫೋನ್ ಕಸಿದುಕೊಂಡು ಮರಾಠಿಯಲ್ಲೇ ಹೇಳಿದೆ, ನಿನಗಿಂತ ಜಾಸ್ತಿ ಕೈ ಹಿಡಿದವಳು ನಾನು, ಕೊಟ್ಟಷ್ಟು ಕೊರಿ ಎಂದು. ಪಾಪ, ಕೊಟ್ಟಷ್ಟೇ ಕೊರೆದ.

ಚೆಂಡು ಬಂದದ್ದು ಆಯ್ಕೆ ಪಂದ್ಯದ ಹಿಂದಿನ ದಿನ ಬೆಳಿಗ್ಗೆ. ಮೊಮ್ಮಗಳು ಅದಕ್ಕಾಗಿಯೇ ಊರಿಗೆ ಬಂದು ಕಾಯುತ್ತಿದ್ದಳು. ಮರುದಿನ ಬೆಳಗಿನ ರೈಲಿಗೆ ಸೊಲ್ಲಾಪುರಕ್ಕೆ ಹೋಗಬೇಕು. ನಮ್ಮವರು ಸಿಂದಗಿಗೆ ಹೋಗಿದ್ದರು. ಡಬ್ಬಿ ಬಿಚ್ಚಿದರೆ ಒಳಗೆ ಗಾಜಿನ ಬಳೆಯ ಹಸಿರು. ಹೊಸ ಮದುಮಗಳ ಕೈಗೆ ಇಡಿಸುವ ಹಸಿರು.

ಅವಳು ಎರಡು ಬೆರಳು ಹಾಕಿದಳು, ಹೋದವು. ಹೆಬ್ಬೆರಳು ಗೆಣ್ಣಿಗೆ ನಿಂತಿತು.

"ಬಿಗಿ ಆಗೇತಿ ಆಯಿ."

"ಬಿಗಿ ಅಲ್ಲ, ಬರೋಬರಿ ಆಗೇತಿ. ನಿನಗ ಹಾಕ್ಕೊಳ್ಳಾಕ ಬರೂದಿಲ್ಲ. ಇಲ್ಲಿ ನೋಡು."

ಬಳೆ ಇಡಿಸಿಕೊಳ್ಳಲು ಹೆದರುವ ಹುಡುಗಿಯರಿಗೆ ನನ್ನ ಕೈಯಲ್ಲೇ ಹಾಕಿ ತೋರಿಸುವುದು ನನ್ನ ರೂಢಿ. ಗಾದಿಯ ಮೇಲೆ ಕೂತು, ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳ ಬುಡವನ್ನು ಎಡಗೈಯಿಂದ ಒತ್ತಿ, ಗೆಣ್ಣನ್ನು ಒಂದು ಕಡೆ ವಾಲಿಸಿ, ಒಂದು ಸುತ್ತು ತಿರುವಿ ಒಳಗೆ ದಬ್ಬಿದೆ. ಗೆಣ್ಣು ದಾಟಿತು. ಬುಡದ ತನಕ ಹೋಗಿ ಕೂತಿತು. ಎಂಥ ಚಂದ ಕೂತಿತು ಎಂದರೆ, ನಾನು ಮೊಮ್ಮಗಳ ಮುಖ ನೋಡಿ ನಕ್ಕೆ.

"ಈಗ ತಗಿ" ಎಂದಳು ಅವಳು.

ತೆಗೆಯಲು ಹೋದೆ. ಬರಲಿಲ್ಲ.

ನಲವತ್ತು ವರ್ಷದಲ್ಲಿ 'ತಗಿ' ಎಂಬ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಕಸುಬಿನಲ್ಲಿ ಇಡಿಸುವುದಷ್ಟೇ ಇದೆ. ಇಡಿಸಿದ ಗಾಜಿನ ಬಳೆಯನ್ನು ಯಾರೂ ತೆಗೆಯುವುದಿಲ್ಲ. ಅವು ತಾವಾಗಿ ಹೋಗುವ ತನಕ ಕೈಯಲ್ಲೇ ಇರುತ್ತವೆ, ಹೋದರೂ ಒಡೆದವು ಎನ್ನುವುದಿಲ್ಲ, ಹೆಚ್ಚಿದವು ಎನ್ನುತ್ತೇವೆ. ಚೆಂಡಿನ ತೂತಿಗೆ ಮಾತ್ರ ಹೆಬ್ಬೆರಳು ಹೋಗುವುದಕ್ಕಿಂತ ಹೊರಗೆ ಬರುವುದು ಮುಖ್ಯ. ಓಡಿಬಂದು ಬಿಡುವ ಕ್ಷಣಕ್ಕೆ ಹೆಬ್ಬೆರಳೇ ಮೊದಲು ಜಾರಿ ಬರಬೇಕು, ಆಮೇಲೆ ಬೆರಳು. ಇದನ್ನು ಅವಳು ನನಗೆ ಹೇಳಿದ್ದು ನಾನು ಸಿಕ್ಕಿಬಿದ್ದ ಮೇಲೆ. ನಾನು ಕೇಳಿದ್ದೂ ಆವಾಗಲೇ.

ಸೋಪಿನ ನೀರು ಬಿಟ್ಟೆವು. ಕೊಬ್ಬರಿ ಎಣ್ಣೆ ಬಿಟ್ಟೆವು. ಅವಳು ಚೆಂಡು ಹಿಡಿದು, ನಾನು ಕೈ ಜಗ್ಗಿ, ಇಬ್ಬರೂ ಗಾದಿಯಿಂದ ಕೆಳಗೆ ಬಂದೆವು. ಜಗ್ಗಿದಷ್ಟೂ ಬೆರಳು ಬಾತಿತು. ತಾಸು ಹೊತ್ತಿನಲ್ಲಿ ತೂತಿನ ಬಾಯಿಯ ಸುತ್ತ ಚರ್ಮ ಉಬ್ಬಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಏಳಬೇಕೆಂದರೆ ಐದೂವರೆ ಕಿಲೋ ಹೊತ್ತು ಏಳಬೇಕು. ಸೆರಗು ಜಾರಿದರೆ ಮೊಮ್ಮಗಳು ಹೊದಿಸಬೇಕು. ಮೂಗಿನ ಮೇಲೆ ನೊಣ ಕೂತರೂ ಎಡಗೈಯೇ ಬರಬೇಕು, ಅದು ಎಣ್ಣೆಯಾಗಿತ್ತು. ಚಹಾ ಅವಳೇ ಕುಡಿಸಿದಳು, ಬಶಿಯಲ್ಲಿ ಹಾಕಿ ಊದಿ ಊದಿ. ಅಂಗಡಿಯ ಬಾಗಿಲು ತೆರೆದೇ ಇತ್ತು, ಓಣಿಯಲ್ಲಿ ಹೋಗುವವರಿಗೆಲ್ಲ ನಾನು ಕಾಣುತ್ತಿದ್ದೆ.

"ಏನ್ರೀ ಬಳಗಾರ ಆಯಿ, ಕಲ್ಲಂಗಡಿ ಕಾಯಾಕ ಕುಂತೀರೇನ?" ಎಂದ ಪಕ್ಕದ ಅಂಗಡಿಯವನು. ಅವನು ನೀರೆತ್ತುವ ಮೋಟಾರು ರಿಪೇರಿ ಮಾಡುವವನು, ದಿನಾ ನಮ್ಮಲ್ಲಿ ಚಹಾ ಕುಡಿಯುವ ಮನುಷ್ಯ. ಒಳಗೆ ಬಂದು ಬೆರಳು ನೋಡಿದ ಮೇಲೆ ಅವನ ನಗು ನಿಂತಿತು. ಹೋಗಿ ಕಬ್ಬಿಣ ಕೊಯ್ಯುವ ಗ್ರೈಂಡರ್ ಹಿಡಿದುಕೊಂಡು ಬಂದ.

"ಈ ಮಗ್ಗಲಿಂದ ಸೀಳಿದ್ರ ಎರಡ ಹೋಳ ಆಕ್ಕೈತಿ. ಬೆರಳಿಗೆ ಗಾಳಿ ಸೈತ ತಾಗಂಗಿಲ್ಲ. ಹತ್ತ ನಿಮಿಷದ ಕೆಲಸ ಐತ್ರಿ."

"ಅದನ್ನ ಹಚ್ಚಿ ನೋಡು, ನಿನ್ನ ಕೈ ಮುರೀತೇನಿ" ಎಂದೆ. "ನಾಳಿ ಪಂದ್ಯ ಐತಿ ನನ್ನ ಕೂಸಿಂದು."

"ಬೆರಳ ಕಪ್ಪಾದ್ರ ಡಾಕ್ಟರ್ ಬೆರಳ ತಗೀತಾನ್ರಿ, ಚೆಂಡ ಅಲ್ಲ."

ನಾನು ಮೊಮ್ಮಗಳ ಕಡೆ ನೋಡಿದೆ. ಎರಡು ವರ್ಷ ಆ ಚೆಂಡಿನ ಕನಸು ಕಂಡವಳು. ಮಲಗುವಾಗಲೂ ಗಾಳಿಯಲ್ಲಿ ಕೈ ಬೀಸಿ ಮಲಗುವವಳು. ಅವಳು ಚೆಂಡಿನ ಕಡೆ ನೋಡಲೂ ಇಲ್ಲ.

"ಸೀಳ್ರಿ ಕಾಕಾ" ಎಂದಳು.

"ಲೇ ಹುಚ್ಚಿ."

"ಚೆಂಡ ಇನ್ನೊಂದ ಬರ್ತೈತಿ ಆಯಿ. ಈ ಬೆರಳ ಎಲ್ಲಿ ಸಿಗ್ತೈತಿ?"

ನನಗೆ ಅಳು ಬಂತೋ ನಗು ಬಂತೋ ಹೇಳಲಾರೆ. ಹಬ್ಬದ ದಿನ ಹಾಲು ಉಕ್ಕುವ ಹಾಗೆ ಒಳಗಿನಿಂದ ಏನೋ ಉಕ್ಕಿ ಬಂತು. ಆ ಉಕ್ಕಿನಲ್ಲೇ ಹಟವೂ ಬಂತು. ಇಷ್ಟು ದೊಡ್ಡ ಮಾತು ಆಡಿದ ಹುಡುಗಿಯ ಚೆಂಡನ್ನು ಹೇಗೆ ಸೀಳಿಸಲಿ? ಮಧ್ಯಾಹ್ನದ ತನಕ ತಡಿ ಎಂದು ಮೋಟಾರಿನವನನ್ನು ಕಳಿಸಿದೆ. ಅವನು ಗ್ರೈಂಡರನ್ನು ನಮ್ಮ ಹೊಸ್ತಿಲ ಮೇಲೇ ಇಟ್ಟು ಹೋದ. ಕೂತಲ್ಲಿಂದ ಅದರ ಚಕ್ರ ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ಮೊಮ್ಮಗಳು ಫೋನ್ ಹಿಡಿದು ಅಂಗಡಿ ಮುಂದಿನ ಕಟ್ಟೆಗೆ ಹೋದಳು. ನನಗೆ ಬೆನ್ನು ಮಾಡಿ ನಿಂತಿದ್ದಳು, ಆದರೂ ಮಾತು ಕೇಳಿಸಿತು. "ಇಲ್ರಿ ಸರ್. ನಾಳಿ ಆಗಂಗಿಲ್ಲ. ನನ್ನ ಹೆಸರ ತಗೀರಿ." ಏಳಬೇಕೆಂದೆ, ಚೆಂಡು ಎಳೆದು ಕೂರಿಸಿತು. ಕೂಗಿದೆ. ಆಗಲೇ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಓಣಿಯ ಬಾಯಲ್ಲಿ ಹೋಗುತ್ತಿತ್ತು, ಹಿಂದೆ ಎರಡು ಟ್ರೇಲರು. ನನ್ನ ಕೂಗು ನನಗೇ ಕೇಳಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಹುಡುಗಿ ತನ್ನ ಆಸೆಯನ್ನು ತಾನೇ ಅಳಿಸಿಹಾಕುತ್ತಿದ್ದಳು, ನಾನು ಅವಳ ಚೆಂಡಿಗೇ ಕಟ್ಟಿದ ಮೇಕೆಯ ಹಾಗೆ ಕೂತಿದ್ದೆ. ಜೀವನದಲ್ಲಿ ಅಷ್ಟು ಸಿಕ್ಕಿಬಿದ್ದ ಅನುಭವ ನನಗೆ ಇನ್ನೊಂದಿಲ್ಲ.

ಅವಳು ಒಳಗೆ ಬಂದಾಗ ಬೈದೆ. "ಸಂಜೀ ತನಕ ವ್ಯಾಳ್ಯಾ ಕೊಟ್ಟಾರ ಸರ್, ಆಮ್ಯಾಲ ಹೆಸರ ತಗೀತಾರಂತ" ಎಂದಷ್ಟೇ ಹೇಳಿ ಒದ್ದೆ ಬಟ್ಟೆ ತರಲು ಹೋದಳು.

ಆಗ ಒಬ್ಬ ಗಿರಾಕಿ ಬಂದಳು, ಸಾಲೋಟಗಿಯ ಹೆಣ್ಣುಮಗಳು. ಬಸುರಿ ಮಗಳಿಗೆ ಏಳು ತಿಂಗಳು, ಕುಬಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ಬಳೆ ಬೇಕಿತ್ತು. ನನ್ನ ಅವಸ್ಥೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ನಗ್ರಿ, ಬಳಿ ನಾಳಿ ಬಂದ ಒಯ್ರಿ" ಎಂದೆ.

"ಒಂದ ನಂಬರ ದೊಡ್ಡದ ಇಡ್ರಿ ಆಯಿ. ಮಗಳ ಕೈ ಭಾಳ ಬಾತಾವು" ಎಂದು ಹೇಳಿ ಹೋದಳು.

ಬಾತ ಕೈ. ಅದನ್ನು ಕೇಳಿದ ಕೂಡಲೇ ನನಗೆ ನನ್ನ ಅತ್ತೆಯವರು ನೆನಪಾದರು. ನಾನು ಹೊಸದಾಗಿ ಅಂಗಡಿಯಲ್ಲಿ ಕೂತಾಗ ಒಬ್ಬ ಬಸುರಿಯ ಬಾತ ಕೈಗೆ ಬಳೆ ಇಡಿಸಲು ಹೋಗಿ ಅರ್ಧದಲ್ಲಿ ಸಿಕ್ಕಿಸಿದ್ದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಹುಡುಗಿ ಅಳುತ್ತಿದ್ದಳು. ಅತ್ತೆಯವರು ಬಂದು ಜಗ್ಗಲಿಲ್ಲ. ಅವಳ ಕೈಯನ್ನು ಗೋಡೆಗೆ ಆನಿಸಿ ಮೇಲೆ ಎತ್ತಿ ಹಿಡಿಸಿ, ತವರಿನ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳುತ್ತ ಕೂತರು. ಹೆದರಿದ ಕೈ ಗಟ್ಟಿ ಇರುತ್ತದೆ, ಮಾತಿಗೆ ಬಿದ್ದ ಕೈ ಮೆತ್ತಗಾಗುತ್ತದೆ. ಎಮ್ಮೆಯ ಮಾತು ಮುಗಿಯುವುದರೊಳಗೆ ಬಳೆ ಮುಂಗೈಗೆ ಇಳಿದಿತ್ತು. ಬಳೆ ಇಡಿಸುವಾಗ ನಾವು ಬಾಯಿ ಬಿಡುವುದು ಸುಮ್ಮನೆ ಅಲ್ಲ.

ಮೊಮ್ಮಗಳಿಗೆ ಹೇಳಿದೆ. ಅವಳು ಚೆಂಡನ್ನು ಬಳೆ ಡಬ್ಬಿಗಳ ನಡುವಿನ ಹಲಗೆಯ ಮೇಲೆ ಇಟ್ಟಳು. ಅದು ಉರುಳದ ಹಾಗೆ ಸುತ್ತ ಡಬ್ಬಿ ಒತ್ತಿ ಇಟ್ಟಳು. ನಾನು ಅದರ ಕೆಳಗೆ ನೆಲಕ್ಕೆ ಕೂತೆ, ಬಸ್ಸಿನಲ್ಲಿ ಕಂಬಿ ಹಿಡಿದವಳ ಹಾಗೆ ಕೈ ಮೇಲೆ. ಬೆರಳಿಗೆ ಒದ್ದೆ ಬಟ್ಟೆ. ತೋಳು ಜುಮುಗುಟ್ಟಿತು, ಆಮೇಲೆ ಅದು ನನ್ನದಲ್ಲ ಎನಿಸಿತು. ಬಹಳ ಹೊತ್ತು ಏನೂ ಆಗಲಿಲ್ಲ. ನನ್ನ ಕಣ್ಣು ಹೊಸ್ತಿಲ ಮೇಲಿನ ಗ್ರೈಂಡರ್ ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ.

ಮೊಮ್ಮಗಳು ನನ್ನ ತಲೆಯ ಹತ್ತಿರ ನಿಂತು ಕೇಳಿದಳು. "ಆಯಿ, ಚುಕ್ಕಿ ಮ್ಯಾಲ ಯಾಕ ಇಡಿಸಿದಿ? ಸರ್ ಕೆಳಗ ಇರಲಿ ಅಂತಿದ್ರಲ್ಲ."

"ಅವ್ರೇನ ತಿಳಕೊಂಡಾರ" ಎಂದೆ. "ಕೆಳಗ ಇಟ್ರ ಏನಾಕ್ಕೈತಿ? ಬಿಟ್ಟ ತಕ್ಷಣ ತಿರಗಾಕ ಹತ್ತತೈತಿ. ಜೋರ ಬಿಡೂವ್ರಿಗೆ ಅದು ಸರಿ. ನೀನು ನಿಧಾನ ಬಿಡಾಕಿ."

"ನಾನೂ ಜೋರ ಬಿಡಬೌದಲ್ಲ."

"ಬಿಡು, ಯಾರ ಬ್ಯಾಡಂದ್ರು? ಜೋರ ಬಿಡಾಕ ಹೋದ್ರ ನಿನ್ನ ಭುಜ ಸೊಟ್ಟ ಆಕ್ಕೈತಿ, ನಿಂಬಿಹಣ್ಣಿನ ಚೀಲದಾಗ ನೋಡೀನಿ. ಇದ್ದ ಕೈಗೆ ತಕ್ಕಂಗ ಚೆಂಡ ಮಾಡ್ಕೋಬೇಕ ಹೊರತು ಚೆಂಡಿಗೆ ತಕ್ಕಂಗ ಕೈ ಮುರ್ಕೋಬಾರ್ದು. ಚುಕ್ಕಿ ಮ್ಯಾಲ ಇದ್ರ ಏನ್ ಮಾಡ್ತೈತಿ, ಸುಮ್ಮನ ಹೊಕ್ಕೈತಿ, ಹೊಕ್ಕೈತಿ, ಇನ್ನೇನ ತಪ್ಪತ ಅನ್ನೂವಷ್ಟ್ರಾಗ ಕಡೀಕ ಗಪ್ಪನ..."

"ಆಯಿ" ಎಂದಳು.

ತಿರುಗಿ ನೋಡಿದರೆ ಚೆಂಡು ಅವಳ ಎರಡು ಕೈಗಳಲ್ಲಿತ್ತು. ನನ್ನ ಹೆಬ್ಬೆರಳು ಹಲಗೆಯ ಅಂಚಿನಲ್ಲಿ ತಾನೊಂದೇ ನಿಂತಿತ್ತು, ಸುಲಿದ ಮೂಲಂಗಿಯ ಹಾಗೆ. ಜಗ್ಗಲಿಲ್ಲವಂತೆ. ಮೊದಲು ಸ್ವಲ್ಪ ಒಳಗೆ ಒತ್ತಿ, ತಿರುವಿದಳಂತೆ. ಬಳೆ ಇಡಿಸುವುದನ್ನು ನಾನು ಅವಳಿಗೆ ಒಂದು ದಿನವೂ ಕಲಿಸಿಲ್ಲ.

ಅವಳು ಮೊದಲು ಸರ್‌ಗೆ ಫೋನ್ ಮಾಡಿದಳು. ಆಮೇಲೆ ಇಬ್ಬರೂ ಸಂಜೆಯವರೆಗೆ ಆ ತೂತು ಉಜ್ಜಿದೆವು. ಲಟ್ಟಣಿಗೆಯ ಹಿಡಿಗೆ ಮೋಟಾರಿನವನು ಕೊಟ್ಟ ಉಜ್ಜುಕಾಗದ ಸುತ್ತಿ, ಒಂದಿಷ್ಟು ಉಜ್ಜುವುದು, ಅವಳು ಹೆಬ್ಬೆರಳು ಹಾಕಿ ತೆಗೆಯುವುದು. ನಾನು ಪ್ರತಿ ಸಲ ಕೇಳಿದ್ದು ಒಂದೇ, "ಬಂತೇನ?" ಹೋಯಿತೇನ ಎಂದು ಒಮ್ಮೆಯೂ ಕೇಳಲಿಲ್ಲ. ಎಣ್ಣೆ ಒರೆಸಿ ಒರೆಸಿ ಚೆಂಡು ಮತ್ತೆ ಹೊಳೆಯಿತು.

ಮರುದಿನ ಅರಿಶಿನ ಹಚ್ಚಿದ ಬೆರಳಿಗೆ ಬಟ್ಟೆ ಸುತ್ತಿಕೊಂಡು ನಾನೂ ಸೊಲ್ಲಾಪುರಕ್ಕೆ ಹೋದೆ. ಮಾಲಿನ ಆ ತಣ್ಣನೆಯ ಆಟದ ಕೋಣೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತೆ. ಅವಳು ಓಡಿಬಂದು ಮೊದಲ ಚೆಂಡು ಬಿಟ್ಟಾಗ ಎಲ್ಲರೂ ಗೂಟ ನೋಡಿದರು, ನಾನು ಹೆಬ್ಬೆರಳು ನೋಡಿದೆ. ಬಂತು. ಬೆಣ್ಣೆಯೊಳಗಿಂದ ಬಂದ ಹಾಗೆ ಬಂತು. ಎಷ್ಟು ಗೂಟ ಬಿದ್ದವು ಎಂದು ಪಕ್ಕದವರನ್ನು ಕೇಳಿ ತಿಳಿದುಕೊಂಡೆ. ಎರಡನೇ ಸರದಿಯಿಂದ ಚೆಂಡನ್ನೂ ನೋಡಿದೆ. ನೆಟ್ಟಗೆ ಹೋಗಿ ಹೋಗಿ ತುದಿಯಲ್ಲಿ ತಿರುಗುತ್ತಿತ್ತು. ಕೆಲವು ಸಲ ಜಾಸ್ತಿಯೂ ತಿರುಗಿತು, ಅದು ಅವಳ ಕೈ, ಚೆಂಡಿನದಲ್ಲ. ಆರಿಸಿದವರ ಪಟ್ಟಿಯಲ್ಲಿ ಅವಳ ಹೆಸರು ಕೊನೆಯದು. ಕೊನೆಯದಾದರೇನು, ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ.

ಕಾಲೇಜಿಗೆ ನಾಲ್ಕು ದಿನ ರಜೆ ಹಾಕಿ ಅವಳೂ ನನ್ನ ಜೊತೆ ಇಂಡಿಗೆ ಬಂದಳು. ರೈಲಿನಲ್ಲಿ ಕಿಟಕಿಗೆ ತಲೆ ಕೊಟ್ಟು ಮಲಗಿಬಿಟ್ಟಳು. ಚೆಂಡಿನ ಚೀಲ ನನ್ನ ತೊಡೆಯ ಮೇಲಿತ್ತು. ಎದುರು ಕೂತ ಹೆಣ್ಣುಮಗಳು, ಕೈ ನೋಡಿದರೆ ಎರಡು-ಆರು, ಕೇಳಿದಳು.

"ಏನೈತ್ರಿ ಅದ್ರಾಗ, ಅಷ್ಟ ಅವಚ್ಕೊಂಡ ಕುಂತೀರಲ್ಲ?"

ಕೇಳಲಿ ಎಂದೇ ಕಾಯುತ್ತಿದ್ದೆ. ಚೈನು ಬಿಚ್ಚಿ ತೋರಿಸಿದೆ. ಚುಕ್ಕಿ ತೋರಿಸಿದೆ, ಅದು ಯಾಕೆ ಮೇಲಿದೆ ಎಂದು ಹೇಳಿದೆ, ಪಟ್ಟಿಯ ಸುದ್ದಿ ಎರಡು ಸಲ ಹೇಳಿದೆ. ಅವಳು ಹಸಿರನ್ನು ಸವರಿ, ಎಷ್ಟ ಚಂದ ಐತಿ ಎನ್ನುತ್ತ ಮೂರನೇ ತೂತಿನ ಕಡೆ ಹೆಬ್ಬೆರಳು ಒಯ್ದಳು.

"ಅಲ್ಲಿ ಬ್ಯಾಡ್ರಿ ತಂಗಿ" ಎಂದು ಚೈನು ಹಾಕಿದೆ.